ಅಪ್ಪ ಯಾವ ಒಲೆಯವರು

ಶನಿವಾರ ಸಂಜೆ ಮೂಡಬಿದ್ರೆಯ ಬಸ್ಸು ಸಿದ್ಧಕಟ್ಟೆಯ ಪೇಟೆಯಲ್ಲಿ ನಿಂತು ಮತ್ತೆ ಹೊರಡುವ ಸದ್ದು ನಮ್ಮ ಅಂಗಳದವರೆಗೆ ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಅಮ್ಮ ಮಾಡುತ್ತಿದ್ದ ಕೆಲಸಗಳು ನನಗೆ ಕ್ರಮ ತಪ್ಪದೆ ನೆನಪಿವೆ. ಮೊದಲು ಹಿತ್ತಾಳೆಯ ಗಿಂಡಿಯಲ್ಲಿ ನೀರು ತುಂಬಿಸಿ ಜಗಲಿಯ ಮೆಟ್ಟಿಲ ಬದಿಗೆ ಇಡುವುದು. ಗಿಂಡಿಯ ಬಾಯಿಯ ಮೇಲೆ ಮುಖ ಒರೆಸಲು ಒಗೆದ ಬೈರಾಸು ಮಡಚಿ ಇಡುವುದು. ಚಾವಡಿಯ ಗೋಡೆಗೆ ಆನಿಸಿಟ್ಟ ಹಲಸಿನ ಮರದ ಮಣೆಯನ್ನು ಒರೆಸಿ ಹಾಕುವುದು. ಆಮೇಲೆ ಒಳಗೆ ಹೋಗಿ ಕಾವಲಿಯಲ್ಲಿ ಬಂಗುಡೆ ಹುರಿಯುವುದು. ಅಪ್ಪ ಅಂಗಳಕ್ಕೆ ಕಾಲಿಡುವಾಗ ಹುರಿದ ಮೀನಿನ ಪರಿಮಳ ಅವರಿಗಿಂತ ಮೊದಲೇ ಜಗಲಿಗೆ ಬಂದಿರುತ್ತಿತ್ತು. ಅವರು ಕಾಲು ತೊಳೆದು, ಮುಖ ಒರೆಸಿ, ಚಾವಡಿಯಲ್ಲಿ ಕೂರುವರು. ಉಳಿದ ದಿನಗಳಲ್ಲಿ ನಾವು ಮೂವರು, ಅಮ್ಮ, ಅಮ್ಮನ ಅಣ್ಣ ತಿಮ್ಮಪ್ಪ ಮಾವ ಮತ್ತು ನಾನು, ಅಡಿಗೆಮನೆಯ ನೆಲದಲ್ಲಿ ಒಲೆಯ ಪಕ್ಕದಲ್ಲೇ ಕೂತು ಉಣ್ಣುವವರು. ಚಾವಡಿಯ ಮಣೆಯ ಮೇಲೆ ಅಪ್ಪ ಒಬ್ಬರೇ ಕೂರುತ್ತಿದ್ದರು. ಮೀನಿನ ನಡುವಿನ ತುಂಡು ಅವರಿಗೇ. ಅವರ ತಟ್ಟೆಯ ಎದುರು ಕೂತು ಅವರು ಉಣ್ಣುವುದನ್ನು ನೋಡುವುದು ನನ್ನ ವಾರದ ದೊಡ್ಡ ಕೆಲಸವಾಗಿತ್ತು. ಊರಿನ ಯಾವ ಮನೆಯಲ್ಲಿಯೂ ಯಾವ ಅಪ್ಪನಿಗೂ ಇಷ್ಟು ಮರ್ಯಾದೆ ಇಲ್ಲ ಎಂದು ನಾನು ತಿಳಿದಿದ್ದೆ.

ಸೋಮವಾರ ಬೆಳಗಿನ ಬಸ್ಸಿಗೆ ಅವರು ಹೊರಟುಹೋಗುತ್ತಿದ್ದರು. ಮೂಡಬಿದ್ರೆಯ ಬಸ್ ನಿಲ್ದಾಣದಲ್ಲಿ ಅವರದ್ದು ಏಜೆಂಟರ ಕೆಲಸ: ಟಿಕೇಟು ಹರಿಯುವುದು, ಹೆಸರು ಕೂಗುವುದು, ಗೋಣಿ ಮೂಟೆಗಳನ್ನು ಬಸ್ಸಿನ ತಲೆಗೆ ಏರಿಸುವವರನ್ನು ಗದರುವುದು. ಅಲ್ಲಿ ಅವರು ಇದ್ದದ್ದು ತಮ್ಮ ಅಕ್ಕನ ಮನೆಯಲ್ಲಿ. ಅಕ್ಕನ ಗಂಡ ತೀರಿಕೊಂಡಿದ್ದರು. ಅಕ್ಕನಿಗೆ ನನ್ನದೇ ಪ್ರಾಯದ ಒಬ್ಬಳು ಮಗಳು, ಸುಶೀಲ. ನಮ್ಮವರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುವುದು. ನಡೆಸುವವನು ತಾಯಿಯ ಅಣ್ಣನೋ ತಮ್ಮನೋ. ಗಂಡ ಎಂದರೆ ಬೇರೆ ಮನೆಯ ಮಗ, ಹೆಂಡತಿಯ ಮನೆಗೆ ಬಂದು ಹೋಗುವವನು. ಇದನ್ನು ನನಗೆ ಯಾರೂ ಕೂರಿಸಿ ಹೇಳಿರಲಿಲ್ಲ. ಆದರೆ ಸುಶೀಲ ಎಂಬ ಹೆಸರು ಕೇಳಿದರೆ ನನಗೆ ಆಗುತ್ತಿರಲಿಲ್ಲ. ಅಪ್ಪ ಅವಳಿಗೆ ಸೋದರಮಾವ. ನನಗೆ ತಿಮ್ಮಪ್ಪ ಮಾವ ಹೇಗೋ ಹಾಗೆ. ವಾರದ ದಿನಗಳೆಲ್ಲ ಅವಳದ್ದು, ಕೊನೆಯ ತುಂಡು ನನ್ನದು. ಅಪ್ಪನ ಅಂಗಿಗೆ ಬೇರೆ ಮನೆಯ ಸಾಬೂನಿನ ವಾಸನೆ ಇರುತ್ತಿತ್ತು. ಒಂದು ಸಲ ಬಿಳಿ ಅಂಗಿಯ ಮೇಲಿನ ಗುಂಡಿಯನ್ನು ನೀಲಿ ನೂಲಿನಲ್ಲಿ ಹೊಲಿದದ್ದು ಕಂಡೆ.

"ಇದು ಯಾರು ಹೊಲಿದದ್ದು?"

"ಸುಶೀಲ. ಬಿಳಿ ನೂಲು ಮುಗಿದಿತ್ತಂತೆ. ಗಟ್ಟಿ ಉಂಟು ನೋಡು."

ಆ ಭಾನುವಾರ ಇಡೀ ನಾನು ಅಮ್ಮನ ಸೆರಗು ಬಿಡಲಿಲ್ಲ. ಕೊನೆಗೆ ಅಮ್ಮ ಆ ಗುಂಡಿಯನ್ನು ಕತ್ತರಿಸಿ ತೆಗೆದು ಬಿಳಿ ನೂಲಿನಲ್ಲಿ ಮತ್ತೆ ಹೊಲಿದಳು. ಅವಳೂ ಅದನ್ನು ಸಂತೋಷದಿಂದಲೇ ಮಾಡಿದಳು ಎಂದು ನನಗೆ ಆಗಲೇ ಅನಿಸಿತ್ತು.

ಅಕ್ಕಿ ಸುಲಭಕ್ಕೆ ಸಿಗದ ಕಾಲ ಅದು. ನಮ್ಮ ಗದ್ದೆಯ ಅಕ್ಕಿ ಮಳೆಗಾಲದ ಸೋಣ ತಿಂಗಳು ಬರುವ ಮೊದಲೇ ಮುಗಿದುಹೋಗುತ್ತಿತ್ತು. ಸೊಸೈಟಿಯಲ್ಲಿ ಸಕ್ಕರೆ, ಸ್ವಲ್ಪ ಬೆಳ್ತಿಗೆ ಅಕ್ಕಿ ಮತ್ತು ಗೋಧಿ ಕೊಡುತ್ತಾರೆ, ಅದಕ್ಕೆ ಕಾರ್ಡು ಬೇಕು ಎಂದಾಯಿತು. ಗೋಧಿಯನ್ನು ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಿಂದೊಮ್ಮೆ ಸಿಕ್ಕಿದಾಗ ಅಮ್ಮ ಅದನ್ನು ಕುಟ್ಟಿ, ಕುಚ್ಚಲಕ್ಕಿಯ ಗಂಜಿಗೆ ಸೇರಿಸಿ ಬೇಯಿಸಿದ್ದಳು, ತಿಮ್ಮಪ್ಪ ಮಾವ ಅದನ್ನು ಎತ್ತಿಗೆ ಇಟ್ಟಿದ್ದರು. ಕಾರ್ಡಿಗೆ ಹೆಸರು ಬರೆದುಕೊಳ್ಳಲು ಮನೆ ಮನೆಗೆ ಬಂದವರು ನಮ್ಮ ಶಾಲೆಯ ಮಾಸ್ಟ್ರು. ಅವರು ಘಟ್ಟದ ಮೇಲಿನವರು, ಆ ವರ್ಷವೇ ವರ್ಗವಾಗಿ ಬಂದವರು. ಅವರು ಬಂದ ಹೊತ್ತಿಗೆ ಮಾವ ಗದ್ದೆಯಲ್ಲಿದ್ದರು. ಅಮ್ಮ ಬಾಗಿಲ ಹಿಂದೆ ನಿಂತಳು. ನಾನು ಜಗಲಿಯಲ್ಲಿ ನಿಂತೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಮಾಸ್ಟ್ರಿಗೆ ತುಳು ಬಾರದ ಕಾರಣ ಎಲ್ಲವೂ ಕನ್ನಡದಲ್ಲಿ ನಡೆಯಿತು.

"ನೋಡಮ್ಮ, ಒಂದು ಒಲೆಗೆ ಒಂದು ಕಾರ್ಡು. ಒಬ್ಬರ ಹೆಸರು ಒಂದೇ ಕಾರ್ಡಲ್ಲಿ ಇರಬೇಕು. ಈ ಒಲೇಲಿ ಬೇಯಿಸಿದ್ದನ್ನ ಯಾರ್ಯಾರು ಉಣ್ತೀರಿ, ಹೇಳಿ."

ಅಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ, ಅಣ್ಣನ ಹೆಸರನ್ನೂ ಹೇಳುವವಳಲ್ಲ. ಬಾಗಿಲ ಹಿಂದಿನಿಂದ, "ಜಲಜಾ, ನೀನು ಹೇಳು" ಎಂದಳು. ನಾನು ಮೊದಲು ಅಪ್ಪನ ಹೆಸರನ್ನು ಹೇಳಿದೆ.

"ಮಂಜಪ್ಪ. ಮೂಡಬಿದ್ರೆಯಲ್ಲಿ ಕೆಲಸ. ಶನಿವಾರ ಬರ್ತಾರೆ."

"ಕೆಲಸಕ್ಕೆ ಹೋದವರು ಮನೆಯವರಲ್ಲದೆ ಹೋಗ್ತಾರಾ? ಇರಲಿ." ಮಾಸ್ಟ್ರು ಮೊದಲ ಸಾಲಿನಲ್ಲಿ ಬರೆದರು. "ಆಮೇಲೆ?"

"ಅಮ್ಮ. ನಾನು. ತಿಮ್ಮಪ್ಪ ಮಾವ."

"ಮಾವ ಅಂದ್ರೆ ಅಮ್ಮನ ಅಣ್ಣನಾ? ಪಾಪ, ಇಲ್ಲೇ ಇದ್ದಾರಾ?"

"ಮನೆಯೇ ಅವರದ್ದು ಮಾಸ್ಟ್ರೇ" ಎಂದು ಅಮ್ಮ ಒಳಗಿನಿಂದ ಹೇಳಿದಳು.

"ಆಯ್ತಮ್ಮ, ಅವರನ್ನೂ ಬರ್ಕೊಂಡಿದ್ದೀನಿ. ಬಿಡಲ್ಲ."

ಅಮ್ಮ ಒಳಗಿನಿಂದ ಮಜ್ಜಿಗೆ ಕಳಿಸಿದಳು. ಮಾಸ್ಟ್ರು ಮಜ್ಜಿಗೆ ಕುಡಿದು ಮುಂದಿನ ಮನೆಗೆ ಹೋದರು. ಅವರ ಊರಿನಲ್ಲಿ ಹೆಂಡತಿ, ಮಗಳು ಇರುವ ಮನೆಗೆ ಗಂಡನೇ ದೊಡ್ಡವನು. ಇಲ್ಲಿಯೂ ಹಾಗೆ ಎಂದು ಅವರು ತಿಳಿದದ್ದರಲ್ಲಿ ವಿಶೇಷವಿಲ್ಲ.

ಕಾರ್ಡು ಬಂದ ದಿನ ತಿಮ್ಮಪ್ಪ ಮಾವ ಸೊಸೈಟಿಯಿಂದ ಖಾಲಿ ಚೀಲ ಹಿಡಿದುಕೊಂಡು ಬಂದರು. ಎತ್ತರದ, ಮಾತು ಕಡಿಮೆಯ ಮನುಷ್ಯ ಅವರು. ಶುಕ್ರವಾರದ ಸಂತೆಯಿಂದ ನನಗೆ ಬಳೆ ತರುವವರು, ಹೊಸ ಅಕ್ಕಿಯ ಮೊದಲ ತುತ್ತನ್ನು ನನ್ನ ಬಾಯಿಗೆ ಇಡುವವರು. ಆ ದಿನ ಕಾರ್ಡನ್ನು ನನ್ನ ಎದುರು ಇಟ್ಟು ಓದು ಎಂದರು. ನಾನು ಓದಿದೆ. ಕುಟುಂಬದ ಮುಖ್ಯಸ್ಥ, ಮಂಜಪ್ಪ. ಅದರ ಕೆಳಗೆ ಹೆಂಡತಿ ಎಂದು ಅಮ್ಮನ ಹೆಸರು. ಅದರ ಕೆಳಗೆ ಮಗಳು ಎಂದು ನನ್ನದು. ಎಲ್ಲಕ್ಕಿಂತ ಕೆಳಗೆ ತಿಮ್ಮಪ್ಪ, ಅವಲಂಬಿತ. ಅಪ್ಪನ ಹೆಸರಿನ ನೆರಳಿನಲ್ಲಿ ನನ್ನ ಹೆಸರು ಅಚ್ಚುಕಟ್ಟಾಗಿ ಕೂತಿತ್ತು. ಸುಶೀಲಳ ಹೆಸರು ಅಲ್ಲಿ ಎಲ್ಲಿಯೂ ಇರಲಿಲ್ಲ. ಸರಕಾರವೇ ನೋಡಿ ಒಪ್ಪಿ ಬರೆದುಕೊಟ್ಟಿದೆ ಎಂದು ನನಗೆ ಅನಿಸಿತು.

"ಅವಲಂಬಿತ ಅಂದ್ರೆ ಎಂತ?" ಎಂದು ಮಾವ ಕೇಳಿದರು.

"ಬೇರೆಯವರ ಅನ್ನ ಉಣ್ಣುವವ."

"ಕೇಳಿದೆಯಾ?" ಮಾವ ಅಡಿಗೆಮನೆಯ ಕಡೆ ತಿರುಗಿದರು. "ಗದ್ದೆ ಉಳುವವ ನಾನು. ಬೀಜ ಹಾಕುವವ ನಾನು. ಅನ್ನ ಭಾವನದ್ದಂತೆ! ಸೊಸೈಟಿಯಲ್ಲಿ ಎಲ್ಲರೆದುರು ಓದಿದ್ರು ಮಾರಾಯ್ತಿ. 'ತಿಮ್ಮಪ್ಪಣ್ಣ, ಭಾವ ಚೆನ್ನಾಗಿ ಸಾಕ್ತಾರಾ?' ಅಂತ ಕೇಳ್ತಾರೆ. ಹೇಗೆ ಉತ್ತರ ಕೊಡುವುದು ನಾನು?"

"ಅದು ಮಾಸ್ಟ್ರು ಬರೆದದ್ದು" ಎಂದಳು ಅಮ್ಮ.

"ಇನ್ನೂ ಉಂಟು ಕೇಳು. ಮೂಡಬಿದ್ರೆಯಲ್ಲಿ ಭಾವನ ಅಕ್ಕನ ಕಾರ್ಡಿನಲ್ಲಿಯೂ ಅವನ ಹೆಸರು ಉಂಟಂತೆ. ಎರಡರಲ್ಲಿ ಒಂದು ಹೋಗ್ಬೇಕು. ತಾಲೂಕು ಕಚೇರಿಯ ಸಾಹೇಬರು ಬರುವ ದಿನ ಅವನೇ ನಿಂತು ಹೇಳ್ಬೇಕು. ಅಲ್ಲಿವರೆಗೆ ಎರಡು ಮನೆಗೂ ಏನಿಲ್ಲ. ಅಕ್ಕಿ ಇಲ್ಲ, ಸಕ್ಕರೆ ಇಲ್ಲ."

ಶನಿವಾರ ಅಪ್ಪ ಬಂದರು. ಗಿಂಡಿ, ಬೈರಾಸು, ಮಣೆ, ಎಲ್ಲವೂ ಎಂದಿನಂತೆ ನಡೆಯಿತು. ಊಟ ಮುಗಿಯುವವರೆಗೆ ಯಾರೂ ಆ ಮಾತು ಎತ್ತಲಿಲ್ಲ. ಅಪ್ಪ ಕೈ ತೊಳೆದು ಬಂದ ಮೇಲೆ ಅಮ್ಮ ಚಾವಡಿಯ ಬಾಗಿಲಿಗೆ ಬಂದು ನಿಂತಳು. ಅಪ್ಪ, ಮಾವ ಇಬ್ಬರೂ ಕೂತಿರುವ ಕಡೆ ಅವಳು ಹಾಗೆ ಬಂದು ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

"ಮೇಲೆ ಕೆಳಗೆ ಹೇಗೆ ಬೇಕಾದ್ರೂ ಬರೀಲಿ ಅಣ್ಣ. ಮೊದಲು ನಿಮ್ಮ ಹೆಸರೇ ಇರಲಿ. ಆದ್ರೆ ಇವರದ್ದು ತೆಗೆಯುವುದು ಬೇಡ. ಹೆಂಡತಿ ಮಗಳು ಇರುವ ಕಾರ್ಡಿನಲ್ಲಿ ಒಂದು ಹೆಸರು ಇದ್ರೆ ಯಾರಿಗೆ ಎಂತ ನಷ್ಟ?"

"ಅಕ್ಕನ ಕಾರ್ಡಿನಲ್ಲಿ ಆಮೇಲೆ ಯಾರುಂಟು?" ಎಂದರು ಅಪ್ಪ. "ಒಂದು ಹೆಂಗಸು, ಒಂದು ಮಗು."

"ಇಲ್ಲಿ ನಾವು ಎಂತ, ಹತ್ತು ಜನ ಗಂಡಸರಾ?"

"ನಿನಗೆ ಅಣ್ಣ ಇದ್ದಾನಲ್ಲ."

ಅದಕ್ಕೆ ಉತ್ತರಿಸಿದವರು ಮಾವ. ಅವರು ಅಂಗಳದ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು:

"ನೆರಿಯದಲ್ಲಿ ನನ್ನ ಹೆಂಡತಿ ಮಕ್ಕಳ ಕಾರ್ಡು ಉಂಟು. ಅದರಲ್ಲಿ ಅವಳ ಅಣ್ಣನ ಹೆಸರುಂಟು. ನನ್ನದಿಲ್ಲ. ನಾನು ಕೂಗಿದ್ದೇನಾ?"

ಮಾವನಿಗೆ ನೆರಿಯದಲ್ಲಿ ಮಕ್ಕಳಿದ್ದಾರೆ ಎಂದು ನನಗೆ ಗೊತ್ತಿತ್ತು, ದೂರದ ಊರಿನಲ್ಲಿ ಒಂದು ಬೆಟ್ಟವಿದೆ ಎಂದು ಗೊತ್ತಿರುವ ಹಾಗೆ. ಅವರು ತಿಂಗಳಿಗೊಮ್ಮೆ ಬೆಳ್ತಂಗಡಿಯ ಮೇಲಿಂದ ಅಲ್ಲಿಗೆ ಹೋಗಿ ಬರುತ್ತಿದ್ದರು. ಆ ಮಕ್ಕಳ ಮುಖ ನಾನು ನೋಡಿರಲಿಲ್ಲ. ನನ್ನ ಕೈಯ ಬಳೆಗಳನ್ನು ಅವರು ನೋಡಿದ್ದರೆ ಏನೆನ್ನುತ್ತಿದ್ದರು ಎಂಬ ಯೋಚನೆ ಆ ಸಂಜೆ ಬಂತು, ಬಂದ ಹಾಗೆ ಹೋಯಿತು. ನನಗೆ ಬೇಕಾಗಿದ್ದದ್ದು ಅಪ್ಪನ ಹೆಸರು ಒಂದೇ.

ಸಾಹೇಬರು ಬರುವ ದಿನ ಅಪ್ಪ ರಜೆ ಹಾಕಿ ಬಂದರು. ಮಾವನೂ ಅಪ್ಪನೂ ಹೊರಟಾಗ ನಾನೂ ಹಿಂದೆ ಹೋದೆ, ಯಾರೂ ಬೇಡವೆನ್ನಲಿಲ್ಲ. ಸೊಸೈಟಿಯ ಜಗಲಿಯಲ್ಲಿ ಒಂದು ಮೇಜು ಹಾಕಿ ಸಾಹೇಬರು ಕೂತಿದ್ದರು. ಇನ್ನೂ ಎಳೆ ಪ್ರಾಯದವರು, ಪ್ಯಾಂಟು ಹಾಕಿದವರು, ಬೆವರುತ್ತಿದ್ದವರು. ಮೇಜಿನ ಸುತ್ತ ಊರಿನವರು ನಿಂತಿದ್ದರು. ಒಬ್ಬ ಮುದುಕಿ ಸತ್ತ ಮಗನ ಹೆಸರನ್ನು ತೆಗೆಯಬೇಡಿ ಎಂದು ಕೇಳಿಕೊಂಡು ಹೋದ ಮೇಲೆ ನಮ್ಮ ಸರದಿ ಬಂತು. ಮುಖ್ಯಸ್ಥ ಯಾರು ಎಂಬುದು ಬೇಗ ಮುಗಿಯಿತು. ಸಾಹೇಬರು ಈ ಕಡೆಯವರೇ ಆದ್ದರಿಂದ ನಕ್ಕು, ತಿಮ್ಮಪ್ಪ ಮಾವನ ಹೆಸರನ್ನು ಮೇಲಕ್ಕೆ ಬರೆದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನೀವು ಊಟ ಮಾಡುವುದು ಎಲ್ಲಿ?"

ಅಪ್ಪ ಕೊಡೆಯ ಹಿಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಎರಡು ಕಡೆಯೂ ಉಣ್ತೇನೆ ಸ್ವಾಮಿ."

"ಎರಡು ಹೊಟ್ಟೆ ಉಂಟಾ ನಿಮಗೆ?"

ಸುತ್ತ ನಿಂತವರು ನಕ್ಕರು. ಮಾವನೂ ನಕ್ಕರು.

"ಹಾಗಲ್ಲ. ಅಲ್ಲಿ ಅಕ್ಕನ ಮನೆ. ಇಲ್ಲಿ ಹೆಂಡತಿ ಮನೆ."

"ಅದು ಗೊತ್ತಾಯ್ತು ಮಾರಾಯ್ರೆ. ನೀವು ಯಾವ ಮನೆಯವರು? ನಾನು ಒಂದು ಕಡೆ ಬರೀಬೇಕಲ್ಲ."

ಅಪ್ಪ ನನ್ನನ್ನು ನೋಡಲಿಲ್ಲ. ನೋಡಬಾರದೆಂದು ನೋಡಲಿಲ್ಲವೋ, ನಾನು ಅಲ್ಲಿ ಇದ್ದೇನೆ ಎಂಬುದೇ ಮರೆತಿತ್ತೋ, ನನಗೆ ಈಗಲೂ ಹೇಳಲು ಆಗುವುದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವ ಧ್ವನಿಯಲ್ಲಿ ಅವರು ಹೇಳಿದರು:

"ಅಲ್ಲಿ ನಾನು ಮನೆಯವ. ಇಲ್ಲಿ ನೆಂಟ."

"ನೆಂಟರಿಗೆ ಕಾರ್ಡಿಲ್ಲ" ಎಂದು ಸಾಹೇಬರು ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆದರು.

ನಾನು ಹೋಗಿ ಸಕ್ಕರೆ ಚೀಲಗಳ ಮೇಲೆ ಕೂತೆ. ಅಲ್ಲಿ ಕೂರಬೇಡ ಎಂದು ಯಾರೋ ಎಬ್ಬಿಸಿದರು. ಯಾರ ಮುಖದಲ್ಲಿಯೂ ಏನೂ ಆದಂತೆ ಕಾಣಲಿಲ್ಲ. ಮಾವ ಅಪ್ಪನ ಹೆಗಲ ಮೇಲೆ ಕೈ ಇಟ್ಟರು. ಇಬ್ಬರೂ ಹೋಟೆಲಿಗೆ ಹೋಗಿ ಚಹಾ ಕುಡಿದರು. ಅಪ್ಪ ನನಗೆ ಗೋಳಿಬಜೆ ತೆಗೆಸಿಕೊಟ್ಟರು. ನಾನು ತಿಂದೆ.

ಮನೆಗೆ ಬಂದ ಮೇಲೆ ನಾನು ಗಿಂಡಿಯನ್ನು ನೋಡಿದೆ. ಗೋಡೆಗೆ ಆನಿಸಿಟ್ಟ ಮಣೆಯನ್ನು ನೋಡಿದೆ. ಮೂಡಬಿದ್ರೆಯ ದೂರದ ಸಂಬಂಧಿಕರು ಬಂದಾಗಲೂ, ಪಟೇಲರು ಬಂದಾಗಲೂ ಅಮ್ಮ ಹಾಕುತ್ತಿದ್ದದ್ದು ಅದೇ ಮಣೆ. ಅವರಿಗೂ ಮೀನಿನ ನಡುವಿನ ತುಂಡನ್ನೇ ಬಡಿಸುತ್ತಿದ್ದಳು. ಅದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಅಪ್ಪನಿಗೆ ಮಾಡುವುದನ್ನೂ ನೆಂಟರಿಗೆ ಮಾಡುವುದನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮುಂದಿನ ರಜೆಯಲ್ಲಿ ಅಪ್ಪ ನನ್ನನ್ನು ಮೂಡಬಿದ್ರೆಗೆ ಕರೆದುಕೊಂಡು ಹೋದರು. ನಾನೇ ಹಟ ಹಿಡಿದದ್ದು. ಅಮ್ಮ ಹೊಸ ಲಂಗ ಹಾಕಿಸಿ, ಅಲ್ಲಿ ಕಡಿಮೆ ತಿನ್ನು, ಬಸಳೆ ಕೊಟ್ಟರೆ ಬೇಡವೆನ್ನಬೇಡ ಎಂದು ಹೇಳಿ ಕಳಿಸಿದಳು. ಅತ್ತೆಯ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ತಗ್ಗಿನ ಮಾಡು, ಒಂದು ಕೋಣೆ, ಒಂದು ಅಡಿಗೆಮನೆ, ಪಕ್ಕದ ಮನೆಯವರೂ ನೀರು ಸೇದುವ ಬಾವಿ. ನಾವು ಬಾಗಿಲಲ್ಲಿ ಇದ್ದಾಗಲೇ ಒಳಗಿನಿಂದ ಬೈಗುಳ ಕೇಳಿತು.

"ಬಂದ್ಯಾ? ಚಿಮಿಣಿ ಎಣ್ಣೆ ಎಲ್ಲಿ? ಶನಿವಾರ ಬೆಳಿಗ್ಗೆ ಬಾಟ್ಲಿ ಕೈಗೆ ಕೊಟ್ಟು ಕಳಿಸಿದ್ದೇನೆ. ಬಾಟ್ಲಿಯೂ ಇಲ್ಲ! ಯಾವ ಬಸ್ಸಿಗೆ ಹತ್ತಿಸಿ ಕಳಿಸಿದಿ ಅದನ್ನು?"

ಆಮೇಲೆ ಅತ್ತೆ ನನ್ನನ್ನು ಕಂಡರು. ಧ್ವನಿ ಬದಲಾಯಿತು. "ಅಯ್ಯೋ, ಮಗಳು ಬಂದದ್ದಾ? ಸುಶೀಲಾ, ಗಿಂಡಿಯಲ್ಲಿ ನೀರು ತಾ."

ಸುಶೀಲ ಗಿಂಡಿ ತಂದಳು. ನನಗಿಂತ ಕಪ್ಪಗೆ, ನನಗಿಂತ ಗಿಡ್ಡ, ಒಂದು ಜಡೆ. ನಾನು ಕಾಲು ತೊಳೆದೆ. ನನಗೆ ಚಾಪೆ ಬಿಡಿಸಿ ಹಾಕಿದರು. ಮೊಟ್ಟೆ ಹುರಿದು ಬಡಿಸಿದರು. ಎದುರು ಕೂತ ಸುಶೀಲಳ ತಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ಅವಳು ನನ್ನ ತಟ್ಟೆಯನ್ನು ನೋಡುತ್ತಾ ಚಟ್ನಿಯಲ್ಲಿ ಉಂಡಳು. ಅಪ್ಪ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಹೆಗಲಿನಲ್ಲಿ ಹರಿದ ಬನಿಯನಿನಲ್ಲಿ ಅಡಿಗೆಮನೆಗೆ ಹೋದರು. ಕತ್ತಲೆಯ ಮೂಲೆಯಿಂದ, ನೋಡದೆಯೇ, ತಟ್ಟೆ ತೆಗೆದರು. ಗಂಜಿಯ ಮಡಕೆಯನ್ನು ಓರೆ ಮಾಡಿ ತಳ ಕೆರೆದು ಬಡಿಸಿಕೊಂಡರು. ಕೈ ಚಾಚಿ ಉಪ್ಪಿನ ಭರಣಿಯಿಂದ ಉಪ್ಪು ತೆಗೆದು, ಒಲೆಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಅತ್ತೆಯ ಬೈಗುಳ ಕೇಳುತ್ತಾ ಉಂಡರು. ಉಂಡು ಎದ್ದು, ಬಾವಿಯ ಕಲ್ಲಿನ ಮೇಲೆ ತಟ್ಟೆ ತೊಳೆದು ಕವುಚಿ ಇಟ್ಟರು. ಅವರು ಎಂದೂ ತಟ್ಟೆ ತೊಳೆದದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಸುಶೀಲ ಗೋಧಿಯ ಕಲ್ಲು ಆರಿಸುತ್ತಿದ್ದಳು. ನಾನೂ ಮೊರದ ಇನ್ನೊಂದು ಬದಿಗೆ ಕೂತೆ. ಸ್ವಲ್ಪ ಕಲ್ಲು ಆರಿಸಿ ಅವಳು ಕೇಳಿದಳು:

"ಆ ಗುಂಡಿ ಬಿಚ್ಚಿದ್ದು ಯಾರು?"

"ಅಮ್ಮ."

"ಯಾಕೆ? ನಾನು ಗಂಟು ಹಾಕಿ ಹೊಲಿದಿದ್ದೆ."

ನಾನು ಮೊರದಿಂದ ಒಂದು ಕಲ್ಲು ಎತ್ತಿ ಬಿಸಾಡಿದೆ.

"ನಿಮ್ಮಲ್ಲಿಗೆ ಹೊರಡುವಾಗ ಮಾವ ಗಡ್ಡ ತೆಗೀತಾರೆ. ಇಸ್ತ್ರಿ ಅಂಗಿ ಹಾಕ್ತಾರೆ. ತಲೆಗೆ ಎಣ್ಣೆ ಹಾಕಿ ಬಾಚ್ತಾರೆ. ಕನ್ನಡಿ ಎದುರು ಎಷ್ಟು ಹೊತ್ತು ಗೊತ್ತುಂಟಾ? ನಮಗೆ ಈ ಹರಕು ಬನಿಯನ್ ಮಾತ್ರ."

"ಅವರು ಇಲ್ಲಿ ಎಂತ ಮಾತಾಡ್ತಾರೆ?"

"ಎಂತ ಮಾತು? ಉಣ್ಣುವುದು, ಬೈಸಿಕೊಳ್ಳುವುದು, ಗೋಡೆ ಕಡೆ ತಿರುಗಿ ಮಲಗುವುದು. ಅಲ್ಲಿ ಕಥೆ ಹೇಳ್ತಾರಂತೆ ನಿನಗೆ? ಹೌದಾ?"

ಹೌದೆಂದೆ. ಅವಳ ಮುಖ ಸಣ್ಣದಾಯಿತು. ಅದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಾತಾಡದೆ, ಗೋಡೆಯ ಕಡೆ ತಿರುಗಿ ಮಲಗುವ ಅಪ್ಪ ನನಗೆ ಇರಲಿಲ್ಲ. ಆ ಬೆನ್ನು ಅವಳಿಗೆ ದಿನವೂ ಕಾಣುತ್ತಿತ್ತು. ಅದರ ಮೇಲೆ ಅವಳಿಗೆ ಸ್ವಲ್ಪವೂ ಆಸೆ ಇದ್ದಂತಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಸುಟ್ಟಿತು.

ಊರಿಗೆ ಬಂದ ಮೇಲಿನ ಮೊದಲ ಶನಿವಾರ ಬಸ್ಸಿನ ಸದ್ದು ಕೇಳುವಾಗ ಅಮ್ಮ ಹಟ್ಟಿಯಲ್ಲಿದ್ದಳು; ಹೊಸದಾಗಿ ಕರು ಹಾಕಿದ ದನ ಅವಳನ್ನು ಬಿಟ್ಟು ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಗಿಂಡಿಗೆ ನೀರು ತುಂಬಿಸು, ಮಣೆ ಹಾಕು ಎಂದು ಅಲ್ಲಿಂದಲೇ ಕೂಗಿದಳು. ನಾನು ಗಿಂಡಿಯನ್ನು ಮುಟ್ಟಲಿಲ್ಲ. ಚಾವಡಿಯ ಮಣೆಯನ್ನು ಎತ್ತಿಕೊಂಡು ಹೋಗಿ ಅಡಿಗೆಮನೆಯಲ್ಲಿ ನಾನು ಕೂರುವ ಜಾಗದ ಪಕ್ಕದಲ್ಲಿ, ಒಲೆಯ ಹತ್ತಿರ ಹಾಕಿದೆ. ಅಪ್ಪ ಮೆಟ್ಟಿಲ ಹತ್ತಿರ ನಿಂತು ಗಿಂಡಿಗಾಗಿ ಆಚೆ ಈಚೆ ನೋಡಿದರು. ಆಮೇಲೆ ಬಾವಿಗೆ ಹೋಗಿ ಕಾಲು ತೊಳೆದು ಬಂದರು. ಗಡ್ಡ ತೆಗೆದಿದ್ದರು. ಅಂಗಿಯ ಇಸ್ತ್ರಿಯ ಗೆರೆ ಬಸ್ಸಿನಲ್ಲಿ ಕೂತರೂ ಅಳಿದಿರಲಿಲ್ಲ.

"ಅಮ್ಮ ಎಲ್ಲಿ?"

"ಹಟ್ಟಿಯಲ್ಲಿ. ಅನ್ನ ಒಳಗುಂಟು. ಬಡಿಸಿಕೊಳ್ಳಿ."

ಅವರು ನನ್ನ ಮುಖ ನೋಡಿದರು. ನಗಲಿಲ್ಲ. ತಲೆ ಬಗ್ಗಿಸಿ ಅಡಿಗೆಮನೆಯ ಹೊಸ್ತಿಲು ದಾಟಿದರು. ಒಳಗೆ ಹೋಗಿ ನಿಂತರು. ನಾನು ಬಾಗಿಲಲ್ಲಿದ್ದೆ. ಅವರು ತಟ್ಟೆಗಾಗಿ ಗೋಡೆಯ ಹಲಗೆ ನೋಡಿದರು. ನಮ್ಮ ತಟ್ಟೆಗಳು ಹಲಗೆಯ ಮೇಲೆ ಇರುತ್ತಿರಲಿಲ್ಲ, ಮೂಲೆಯ ಬುಟ್ಟಿಯಲ್ಲಿ ಇರುತ್ತಿದ್ದವು. ಒಂದು ಪಾತ್ರೆಯ ಮುಚ್ಚಳ ತೆಗೆದರು, ಅದು ದನಕ್ಕೆ ಇಟ್ಟ ಅಕ್ಕಚ್ಚು. ಮುಚ್ಚಿದರು. ಇನ್ನೊಂದರಲ್ಲಿ ನೆನೆಹಾಕಿದ ಉದ್ದು. ಅದನ್ನೂ ಮುಚ್ಚಿದರು. ಇಸ್ತ್ರಿ ಅಂಗಿಯ ತೋಳಿಗೆ ಮಸಿ ತಾಗಿತು. ಕೊನೆಗೆ ಅನ್ನದ ಮಡಕೆ ಸಿಕ್ಕಿತು, ತಟ್ಟೆ ಸಿಕ್ಕಿತು, ಮಣೆಯ ಮೇಲೆ ಕೂತರು. ಒಂದು ತುತ್ತು ಬಾಯಿಗಿಟ್ಟು, ತಲೆ ಎತ್ತಿದರು.

"ಮಗಳೇ, ಉಪ್ಪು ಎಲ್ಲಿ ಇಡುವುದು?"

ನಾನು ಹುಟ್ಟುವ ಮೊದಲಿನಿಂದಲೂ ಅವರು ಆ ಮನೆಯ ಉಪ್ಪು ತಿಂದವರು. ಒಲೆಯ ಹಿಂದಿನ ಗೂಡನ್ನು ತೋರಿಸಿದೆ. ತೇವಕ್ಕೆ ಉಪ್ಪು ನೀರಾಗಬಾರದೆಂದು ಅಮ್ಮ ಭರಣಿಯನ್ನು ಅಲ್ಲಿ ಬೂದಿಯ ಬಿಸಿಯಲ್ಲಿ ಇಡುತ್ತಿದ್ದಳು. ಅಷ್ಟರಲ್ಲಿ ಅಮ್ಮ ಹಾಲಿನ ಚೆಂಬು ಹಿಡಿದು ಬಂದಳು. ಅಪ್ಪ ಅಡಿಗೆಮನೆಯಲ್ಲಿ, ಒಲೆಯ ಎದುರು, ಮೀನಿಲ್ಲದೆ ಉಣ್ಣುತ್ತಿದ್ದದ್ದನ್ನು ಕಂಡು ಚೆಂಬನ್ನು ಕೆಳಗಿಟ್ಟು ನನ್ನ ಬೆನ್ನಿಗೆ ಒಂದು ಬಾರಿಸಿದಳು.

"ಇದೆಂಥ ಮರ್ಯಾದೆ? ಬಂದವರನ್ನು ಹೀಗಾ ಕೂರಿಸುವುದು?"

"ಇರಲಿ, ಇರಲಿ" ಎಂದರು ಅಪ್ಪ. ಬೇಗ ಬೇಗ ಉಂಡು ಮುಗಿಸಿದರು.

ಮುಂದಿನ ಶನಿವಾರ ಎಲ್ಲವೂ ಮೊದಲಿನ ಹಾಗೆಯೇ. ಅಮ್ಮ ಬಸ್ಸಿನ ಸದ್ದಿಗೆ ಮೊದಲೇ ಗಿಂಡಿ ತುಂಬಿಸಿ ಇಟ್ಟಿದ್ದಳು, ನನ್ನನ್ನು ನಂಬದೆ. ಮಣೆ ಚಾವಡಿಗೆ ಮರಳಿತ್ತು. ಮೀನು ಹುರಿದಾಗಿತ್ತು. ಅಪ್ಪ ಉಣ್ಣಲು ಕೂತರು, ನಾನು ಎದುರು ಕೂತೆ, ತಿಮ್ಮಪ್ಪ ಮಾವ ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡಿದ್ದರು. ನಡುವೆ ಅಪ್ಪ ಎಂಜಲು ಕೈಯನ್ನು ಮೇಲಕ್ಕೆ ಹಿಡಿದು ಎದ್ದರು. ಏನು ಬೇಕು, ಏನು ಬೇಕು ಎಂದು ಅಮ್ಮ ಕೇಳುತ್ತಿರುವಾಗಲೇ ಅವಳನ್ನು ದಾಟಿ ಅಡಿಗೆಮನೆಗೆ ಹೋದರು. ಒಲೆಯ ಹಿಂದಿನ ಗೂಡಿಗೆ ಎಡಗೈ ಹಾಕಿ ಭರಣಿಯಿಂದ ಉಪ್ಪು ತೆಗೆದು ತಂದು, ಮತ್ತೆ ಮಣೆಯ ಮೇಲೆ ಕೂತರು.

"ಭಾವನಿಗೆ ಉಪ್ಪು ಬಡಿಸ್ಲಿಕ್ಕೆ ಮನೆಯಲ್ಲಿ ಜನ ಇಲ್ವಾ?" ಎಂದು ಮಾವ ಜಗಲಿಯಿಂದ ಕೂಗಿದರು.

ಅಮ್ಮನ ಮುಖ ಕೆಂಪಾಯಿತು. ಅಪ್ಪ ಅನ್ನ ಕಲಸಿದರು. ನಾನು ಅವರ ತಟ್ಟೆಯನ್ನೇ ನೋಡುತ್ತಿದ್ದೆ. ಅನ್ನ ಮುಗಿಯಿತು, ಮಜ್ಜಿಗೆ ಮುಗಿಯಿತು. ಅಪ್ಪ ಎದ್ದರು. ತಟ್ಟೆಯನ್ನು ಮಣೆಯ ಮುಂದೆ ಇದ್ದಲ್ಲೇ ಬಿಟ್ಟು ಜಗಲಿಯ ಅಂಚಿಗೆ ಹೋಗಿ, ಅಮ್ಮ ಎರೆದ ನೀರಿನಲ್ಲಿ ಕೈ ತೊಳೆದು, ಮಾವನ ಪಕ್ಕ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ ತಟ್ಟೆ ಎತ್ತಿಕೊಂಡು ಬಾವಿಗೆ ಹೋದೆ. ತಟ್ಟೆ ತೊಳೆಯುವುದನ್ನು ಅವರು ಮೂಡಬಿದ್ರೆಗೆ ಇಟ್ಟುಕೊಂಡಿದ್ದರು.